ಶಿಲಾಸಂಸ್ಕಾರ: ಭೂಗರ್ಭಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಲ್ಲನ್ನು ಪರೀಕ್ಷೆಗೆ ಅಣಿಮಾಡುವ ಕ್ರಮ

೧. ಸಂಸ್ಕಾರವೆಂದರೇನು

ಸಂಸ್ಕಾರವೆಂಬ ಶಬ್ದಕ್ಕೆ ಶಾಸ್ತ್ರಗಳಲ್ಲಿ ಬಹು ವಿಶಾಲವಾದ ಅರ್ಥವುಂಟು. ವೈಯಾಕರಣರಿಗೆ ಅದು ಶಬ್ದದ ಶುದ್ಧಿ. ವೈದ್ಯರಿಗೆ ಔಷಧದ್ರವ್ಯವನ್ನು ತೊಳೆದು, ಕಾಯಿಸಿ, ಅರೆದು ಪ್ರಯೋಗಕ್ಕೆ ಯೋಗ್ಯವಾಗಿ ಮಾಡುವ ಕ್ರಿಯೆ. ರಸಶಾಸ್ತ್ರದವರಿಗೆ ಪಾದರಸದ ಹದಿನೆಂಟು ಕರ್ಮಗಳು. ಗ್ರಂಥಸಂಪಾದಕರಿಗೆ ಪಾಠದ ಪರಿಷ್ಕರಣ. ಈ ನಾನಾ ಅರ್ಥಗಳ ಮೂಲದಲ್ಲಿರುವ ತತ್ತ್ವವನ್ನು ಪ್ರಾಚೀನರು ಎರಡಾಗಿ ವಿಂಗಡಿಸಿರುವರು. ವಸ್ತುವಿನಲ್ಲಿರುವ ದೋಷವನ್ನು ತೆಗೆಯುವುದು ದೋಷಾಪನಯನ. ವಸ್ತುವಿನಲ್ಲಿ ಇಲ್ಲದ ಗುಣವನ್ನು ಸೇರಿಸುವುದು ಗುಣಾಧಾನ. ಕಿಲುಬು ಹಿಡಿದ ತಾಮ್ರದ ಚೊಂಬನ್ನು ಹುಣಿಸೆಹಣ್ಣಿನಿಂದ ಬೆಳಗುವುದು ಮೊದಲನೆಯದಕ್ಕೆ ಉದಾಹರಣೆ. ಬಿಳಿಯ ಬಟ್ಟೆಗೆ ಅರಗಿನ ಬಣ್ಣವನ್ನು ಹಾಕುವುದು ಎರಡನೆಯದಕ್ಕೆ. ಲೋಕವ್ಯವಹಾರದಲ್ಲಿ ಎರಡೂ ಸಂಸ್ಕಾರಗಳೇ, ಎರಡೂ ಶ್ಲಾಘ್ಯಗಳೇ.

ವಿಶ್ವವಿದ್ಯಾನಿಲಯಗಳ ಭೂಗರ್ಭಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಕಲ್ಲಿಗೂ ಒಂದು ಸಂಸ್ಕಾರವುಂಟು. ಒಡೆಯುವುದು, ಕೊಯ್ಯುವುದು, ತೇಯುವುದು, ಕುಟ್ಟುವುದು, ಜರಡಿ ಹಿಡಿಯುವುದು, ತೊಳೆಯುವುದು, ಆಯುವುದು, ಅಂಟಿಸುವುದು ಎಂಬಿವು ಅದರ ಅಂಗಗಳು. ಮೇಲುನೋಟಕ್ಕೆ ಇವು ಕೇವಲ ಕೈಕೆಲಸಗಳಂತೆ ತೋರಿ, ಶಾಸ್ತ್ರವು ಇವೆಲ್ಲ ಮುಗಿದಮೇಲೆ ಪ್ರಾರಂಭವಾಗುವುದೆಂಬ ಭ್ರಾಂತಿಯನ್ನು ಹುಟ್ಟಿಸುತ್ತವೆ. ವಾಸ್ತವವು ಹಾಗಿಲ್ಲ. ಶಾಸ್ತ್ರಜ್ಞನು ಕಟ್ಟಕಡೆಗೆ ನೋಡುವುದು ಬೆಟ್ಟವನ್ನಲ್ಲ. ಈ ಕ್ರಿಯೆಗಳೆಲ್ಲ ನಡೆದು ಉಳಿದ ಕೂದಲೆಳೆಯಷ್ಟು ತೆಳ್ಳನೆಯ ಬಿಲ್ಲೆಯನ್ನು ಅಥವಾ ಚಿಟಿಕೆಯಷ್ಟು ಹುಡಿಯನ್ನು. ಬೆಟ್ಟದ ವಿಷಯವಾಗಿ ಅವನು ಹೇಳುವ ಮಾತೆಲ್ಲವೂ ಆ ಶೇಷದ ಮೇಲೆ ನಿಂತಿರುವುದು. ಆದುದರಿಂದ ಈ ಶಾಲೆಯಲ್ಲಿ ಒಂದು ಕಠಿಣವಾದ ನಿಯಮವುಂಟು: ಶಿಲಾಸಂಸ್ಕಾರದಲ್ಲಿ ದೋಷಾಪನಯನಕ್ಕೆ ಮಾತ್ರ ಅವಕಾಶ, ಗುಣಾಧಾನವು ನಿಷಿದ್ಧ, ಎಲ್ಲಿಯಾದರೂ ಗುಣಾಧಾನವು ಅನಿವಾರ್ಯವಾದರೆ ಅದು ಪ್ರಕಟವಾಗಿರಬೇಕು, ಗುಪ್ತವಾಗಿರಕೂಡದು. ಈ ನಿಯಮವನ್ನು ಪಾಲಿಸುವುದು ಎಷ್ಟು ಕಷ್ಟ, ಮೀರಿದರೆ ಎಂತಹ ಅನರ್ಥವುಂಟಾಗುವುದು ಎಂಬುದು ಆಯಾ ಕ್ರಿಯೆಯನ್ನು ನೋಡಿದರೆ ವಿಶದವಾಗುವುದು.

೨. ಸಂಗ್ರಹ

ಸಂಸ್ಕಾರವು ಬೆಟ್ಟದಲ್ಲಿಯೇ ಮೊದಲಾಗುತ್ತದೆ. ಬಿಸಿಲು ಮಳೆಗಳಿಗೆ ಸಿಕ್ಕಿದ ಬಂಡೆಯ ಹೊರಮೈ ಅದರ ನಿಜವಾದ ಮೈಯಲ್ಲ. ಫೆಲ್ಡ್‌ಸ್ಪಾರ್ ಖನಿಜವು ಕಾಲಕ್ರಮದಲ್ಲಿ ಜೇಡಿಯಾಗುತ್ತದೆ. ಕಬ್ಬಿಣವುಳ್ಳ ಖನಿಜಗಳು ತುಕ್ಕು ಹಿಡಿದು ಕೆಂಪಾಗುತ್ತವೆ. ಈ ಸಿಪ್ಪೆಯನ್ನು ಸುತ್ತಿಗೆಯಿಂದ ಬಿಡಿಸಿ ಒಳಗಿನ ಹೊಸ ಮೈಯನ್ನು ತೆಗೆದುಕೊಳ್ಳುವುದು ಮೊದಲನೆಯ ದೋಷಾಪನಯನ. ತೆಗೆದುಕೊಂಡ ಚೂರು ನೆಲಕ್ಕೆ ಬೇರೂರಿದ ಹುಟ್ಟುಬಂಡೆಯದಾಗಿರಬೇಕೇ ಹೊರತು ಎಲ್ಲಿಂದಲೋ ಉರುಳಿ ಬಂದ ಗುಂಡಿನದಾಗಿರಬಾರದು. ಸಣ್ಣ ಕಣಗಳ ಶಿಲೆಯಾದರೆ ಮುಷ್ಟಿಯಷ್ಟು ಸಾಕು. ಕಣಗಳು ದಪ್ಪವಾದಷ್ಟೂ ಹೆಚ್ಚು ಬೇಕು, ಏಕೆಂದರೆ ಬೆರಳುದ್ದದ ಹರಳುಗಳುಳ್ಳ ಶಿಲೆಯಿಂದ ಮುಷ್ಟಿಯಷ್ಟನ್ನೇ ತಂದರೆ ಅದು ಶಿಲೆಯ ಪ್ರತಿನಿಧಿಯಾಗದೆ ಒಂದೆರಡು ಹರಳುಗಳ ಪ್ರತಿನಿಧಿ ಮಾತ್ರವಾಗುತ್ತದೆ.

ಚೂರನ್ನು ಬಂಡೆಯಿಂದ ಬಿಡಿಸುವುದಕ್ಕೆ ಮುಂಚೆಯೇ ಅದರ ಮೇಲೆ ಉತ್ತರದಿಕ್ಕನ್ನೂ ಮೇಲುಭಾಗವನ್ನೂ ಬಾಣದ ಗುರುತಿನಿಂದ ತೋರಿಸುವುದುಂಟು. ಶಿಲೆಯು ಯಾವ ದಿಕ್ಕಿನಿಂದ ಒತ್ತಡಕ್ಕೆ ಸಿಕ್ಕಿತೆಂಬುದನ್ನು ಮುಂದೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಈ ಗುರುತಿಲ್ಲದೆ ಸಾಧ್ಯವಿಲ್ಲ. ಬಳಿಕ ಸಂಖ್ಯೆ, ಸ್ಥಳ, ದಿನಾಂಕಗಳನ್ನು ಕಲ್ಲಿನ ಮೇಲೆಯೂ ಚೀಲದ ಮೇಲೆಯೂ ಪುಸ್ತಕದಲ್ಲಿಯೂ ಬರೆಯುವರು. ಸ್ಥಳವು ತಿಳಿಯದ ಕಲ್ಲು ಎಷ್ಟು ಸುಂದರವಾಗಿದ್ದರೂ ಪ್ರಮಾಣಕ್ಕೆ ಬಾರದು. ಆದ್ಯಂತಗಳಿಲ್ಲದ, ಯಾವ ಗ್ರಂಥದ್ದೆಂದು ತಿಳಿಯದ ಬಿಡಿ ಓಲೆಯ ಸ್ಥಿತಿಯೇ ಅದರದೂ ಸಹ.

೩. ತೆಳುಚ್ಛೇದ

ಪ್ರಯೋಗಶಾಲೆಯವರು ಥಿನ್ ಸೆಕ್ಷನ್ ಎಂದು ಕರೆಯುವ ಶಿಲೆಯ ತೆಳುಚ್ಛೇದವು ಈ ಶಾಸ್ತ್ರದ ಮುಖ್ಯ ಸಾಧನ. ಅದರ ಕ್ರಮವು ಹೀಗಿದೆ. ಅಂಚಿನಲ್ಲಿ ವಜ್ರದ ಹುಡಿಯನ್ನು ಕೂಡಿಸಿದ ಲೋಹದ ಚಕ್ರವು ನೀರಿನಲ್ಲಿ ನೆನೆಯುತ್ತ ತಿರುಗಿ ಕಲ್ಲಿನಿಂದ ಕೆಲವು ಮಿಲಿಮೀಟರ್ ದಪ್ಪದ ಬಿಲ್ಲೆಯನ್ನು ಕೊಯ್ಯುತ್ತದೆ. ಆ ಬಿಲ್ಲೆಯ ಒಂದು ಮುಖವನ್ನು ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಂ ಹುಡಿಯನ್ನೂ ನೀರನ್ನೂ ಹಾಕಿ ತೇಯುವರು. ಹುಡಿಯು ಮೊದಲು ತರಿಯಾಗಿದ್ದು ಬರಬರುತ್ತ ನಯವಾಗುತ್ತದೆ. ೨೨೦, ೪೦೦, ೬೦೦, ೧೦೦೦ ಎಂದು ಅಂಕಿಯು ಏರಿದಷ್ಟೂ ಕಣವು ಸಣ್ಣದು. ಒಂದು ಹುಡಿಯಿಂದ ಮತ್ತೊಂದಕ್ಕೆ ಹೋಗುವಾಗ ಕಲ್ಲನ್ನೂ ಕೈಯನ್ನೂ ಚೆನ್ನಾಗಿ ತೊಳೆಯಬೇಕು. ತರಿಯ ಒಂದೇ ಒಂದು ಕಣವು ನಯವಾದ ಹಲಗೆಗೆ ಬಂದುಬಿಟ್ಟರೆ ಅದುವರೆಗಿನ ಶ್ರಮವನ್ನೆಲ್ಲ ಒಂದು ಗೀರಿನಿಂದ ಹಾಳುಮಾಡುತ್ತದೆ.

ನಯವಾದ ಮುಖವನ್ನು ಗಾಜಿನ ಪಟ್ಟಿಗೆ ಅಂಟಿಸುವರು. ಹಿಂದೆ ಇದಕ್ಕೆ ಉತ್ತರ ಅಮೆರಿಕದ ಒಂದು ಜಾತಿಯ ಮರದ ರಾಳವಾದ ಕೆನಡಾ ಬಾಲ್ಸಮನ್ನು ಉಪಯೋಗಿಸುತ್ತಿದ್ದರು. ಈಗ ಬಹುಮಟ್ಟಿಗೆ ಎಪಾಕ್ಸಿ ಅಂಟನ್ನು ಉಪಯೋಗಿಸುತ್ತಾರೆ. ಅಂಟಿಸಿದ ಬಿಲ್ಲೆಯ ಹೊರಭಾಗವನ್ನು ಮತ್ತೆ ಕೊಯ್ದು, ಉಳಿದುದನ್ನು ತೇಯುತ್ತ ತೇಯುತ್ತ ೦.೦೩ ಮಿಲಿಮೀಟರಿಗೆ, ಎಂದರೆ ೩೦ ಮೈಕ್ರಾನಿಗೆ ಇಳಿಸುವರು. ಇದು ತಲೆಗೂದಲಿನ ದಪ್ಪದ ಸುಮಾರು ಅರ್ಧದಷ್ಟು. ಈ ತೆಳುವಿಗೆ ಬಂದಾಗ, ಕೈಯಲ್ಲಿ ಹಿಡಿದರೆ ಕರಿಯ ಮುದ್ದೆಯಂತೆ ಕಾಣುತ್ತಿದ್ದ ಶಿಲೆಯ ಬಹುಪಾಲು ಖನಿಜಗಳು ಬೆಳಕನ್ನು ಒಳಗೆ ಬಿಟ್ಟು ಪಾರದರ್ಶಕಗಳಾಗುತ್ತವೆ. ಲೋಹದ ಅದುರುಗಳು ಮಾತ್ರ ಆಗಲೂ ಕತ್ತಲಾಗಿಯೇ ಉಳಿಯುವುದರಿಂದ ಅವುಗಳನ್ನು ಕನ್ನಡಿಯಂತೆ ಮೆರುಗಿಟ್ಟು, ಮೇಲಿನಿಂದ ಬಿದ್ದು ಹಿಂತಿರುಗುವ ಬೆಳಕಿನಲ್ಲಿ ನೋಡುವರು.

ಮೂವತ್ತು ಮೈಕ್ರಾನ್ ಆಯಿತೆಂದು ತಿಳಿಯುವ ಬಗೆಯು ಮನೋಹರವಾದುದು. ಕಲ್ಲಿನಲ್ಲಿಯೇ ಅದರ ಅಳತೆಗೋಲು ಇದೆ. ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಧ್ರುವೀಕಾರಕಗಳ ನಡುವೆ ತೆಳುಚ್ಛೇದವನ್ನಿಟ್ಟು ನೋಡಿದರೆ ಪ್ರತಿಯೊಂದು ಖನಿಜವೂ ತನ್ನ ಸ್ವಭಾವಕ್ಕೂ ದಪ್ಪಕ್ಕೂ ತಕ್ಕ ಬಣ್ಣವನ್ನು ತೋರಿಸುತ್ತದೆ. ಬೆಣಚುಕಲ್ಲಿನ ಕಣವು ೬೦ ಮೈಕ್ರಾನ್ ದಪ್ಪವಿದ್ದಾಗ ಕೆಂಪಿನವರೆಗೂ ಹೋಗಬಲ್ಲದು. ಇನ್ನೂ ತೇಯ್ದಂತೆ ಹಳದಿಗೆ ಇಳಿದು, ೩೦ ಮೈಕ್ರಾನಿಗೆ ಬಂದಾಗ ಬೂದಿಬಣ್ಣಕ್ಕೂ ಬಿಳುಪಿಗೂ ನಿಲ್ಲುತ್ತದೆ. ಆಗ ತೇಯುವುದನ್ನು ನಿಲ್ಲಿಸಬೇಕು. ಆ ಕ್ಷಣವನ್ನು ತಪ್ಪಿಸಿ ಇನ್ನಷ್ಟು ತೇಯ್ದರೆ ಖನಿಜಗಳ ಬಣ್ಣಗಳೆಲ್ಲ ತಗ್ಗಿ ಒಂದನ್ನು ಮತ್ತೊಂದೆಂದು ತಿಳಿಯುವ ಪ್ರಮಾದಕ್ಕೆ ಎಡೆಯಾಗುತ್ತದೆ. ಮತ್ತೂ ತೇಯ್ದರೆ ಗಾಜು ಮಾತ್ರ ಉಳಿಯುತ್ತದೆ. ತೇಯ್ದುಹೋದ ಕಲ್ಲು ತಿರುಗಿ ಬಾರದು.

ಇಲ್ಲಿ ಗುಣಾಧಾನದ ಅಪಾಯವೂ ಉಂಟು. ಉಪ್ಪಿನ ಶಿಲೆಯನ್ನು ನೀರಿನಲ್ಲಿ ಕೊಯ್ದರೆ ಕರಗುತ್ತದೆ. ಅದಕ್ಕೆ ಎಣ್ಣೆ ಬೇಕು. ಜಿಪ್ಸಂ ಖನಿಜವನ್ನು ಅಂಟಿಸುವಾಗ ಹೆಚ್ಚಾಗಿ ಕಾಯಿಸಿದರೆ ಅದರೊಳಗಿನ ಜಲಾಂಶವು ಹೋಗಿ ಅದು ಮತ್ತೊಂದು ಖನಿಜವೇ ಆಗುತ್ತದೆ. ನೋಡುವವನು ಪ್ರಕೃತಿಯಲ್ಲಿಲ್ಲದ, ಒಲೆಯು ಮಾಡಿದ ವಸ್ತುವನ್ನು ಪ್ರಕೃತಿಯದೆಂದು ವರ್ಣಿಸುವನು. ಸಡಿಲವಾದ ಮರಳುಗಲ್ಲನ್ನು ಹಾಗೆಯೇ ಕೊಯ್ದರೆ ಕಣಗಳು ಉದುರಿ, ಕೊಯ್ತದಿಂದಾದ ತೂತುಗಳೂ ಶಿಲೆಯಲ್ಲಿ ಮೊದಲಿನಿಂದಲೇ ಇದ್ದ ತೂತುಗಳೂ ಬೆರೆತುಹೋಗುತ್ತವೆ. ಇದಕ್ಕೆ ಪರಿಹಾರವಾಗಿ ಕೊಯ್ಯುವುದಕ್ಕೆ ಮುಂಚೆಯೇ ನೀಲಿಯ ಬಣ್ಣವನ್ನು ಕೂಡಿಸಿದ ಅಂಟನ್ನು ಶಿಲೆಯೊಳಕ್ಕೆ ಹೀರಿಸುವರು. ಆಗ ನೀಲಿಯಾಗಿ ಕಂಡದ್ದು ಪ್ರಾಚೀನವಾದ ಬಿಲ. ಬಣ್ಣವಿಲ್ಲದ್ದು ಕೊಯ್ತದಿಂದಾದ ಬಿಲ. ಇದು ಗುಣಾಧಾನವೇ ಸರಿ, ಆದರೆ ಮುಚ್ಚುಮರೆಯಿಲ್ಲದ ಗುಣಾಧಾನ. ಸಂಪಾದಕನು ತಾನು ಊಹಿಸಿ ಸೇರಿಸಿದ ಅಕ್ಷರಗಳನ್ನು ಕಂಸದೊಳಗಿಟ್ಟು ಓದುಗನಿಗೆ ತಿಳಿಸುವಂತೆ, ಇಲ್ಲಿ ನೀಲಿಯ ಬಣ್ಣವು ಸಂಸ್ಕಾರಮಾಡಿದವನ ಸಾಕ್ಷಿಯಾಗಿ ನಿಲ್ಲುತ್ತದೆ.

ಕಾರ್ಬೊರಂಡಂ ಎಂಬ ಹೆಸರಿನ ವಿಷಯದಲ್ಲಿ ಶಬ್ದಶಾಸ್ತ್ರಜ್ಞರಿಗೆ ಒಂದು ಕುತೂಹಲವುಂಟು. ೧೮೯೧ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಎಂಬವನು ವಿದ್ಯುತ್ಕುಲುಮೆಯಲ್ಲಿ ಈ ಗಟ್ಟಿಯಾದ ಹುಡಿಯನ್ನು ಪಡೆದು, ಅದು ಕಾರ್ಬನ್ ಮತ್ತು ಕೊರಂಡಂಗಳ ಕೂಟವೆಂದು ಭಾವಿಸಿ ಈ ಹೆಸರನ್ನಿಟ್ಟನು. ವಸ್ತುತಃ ಅದು ಸಿಲಿಕಾನ್ ಮತ್ತು ಕಾರ್ಬನ್‌ಗಳ ಸಂಯುಕ್ತ. ಕೊರಂಡಂ ಎಂಬುದಾದರೋ ತಮಿಳಿನ ಕುರುಂದಂ, ತೆಲುಗಿನ ಕುರುವಿಂದಂ ಎಂಬ ದಕ್ಷಿಣದೇಶದ ಶಬ್ದಗಳಿಂದ ಐರೋಪ್ಯ ಭಾಷೆಗಳಿಗೆ ಹೋದುದು. ಸಂಸ್ಕೃತದ ಕುರುವಿಂದವು ಇವುಗಳ ಬಂಧು. ಅಮರಕೋಶದಲ್ಲಿ ಕುರುವಿಂದವು ಮುಸ್ತೆಯೆಂಬ ಹುಲ್ಲಿನ ಹೆಸರು. ರತ್ನಶಾಸ್ತ್ರಗಳಲ್ಲಿ ಮಾಣಿಕ್ಯದ ಒಂದು ಜಾತಿ. ಇಂದು ಯಾವ ದೇಶದ ಪ್ರಯೋಗಶಾಲೆಯಲ್ಲಿ ಕಲ್ಲನ್ನು ತೇಯ್ದರೂ ಆ ಹುಡಿಯ ಹೆಸರಿನಲ್ಲಿ ನಮ್ಮ ಸಾಣೆಗಲ್ಲಿನವರ ಮಾತಿನ ತುಣುಕೊಂದು ಉಳಿದಿದೆ.

೪. ಈ ಕ್ರಮದ ಇತಿಹಾಸ ಮತ್ತು ಫಲ

ಎಡಿನ್‌ಬರೋ ನಗರದ ವಿಲಿಯಂ ನಿಕಲ್ ಎಂಬವನು ಶಿಲೀಭೂತವಾದ ಮರವನ್ನು ಗಾಜಿಗಂಟಿಸಿ ತೆಳ್ಳಗೆ ತೇಯುವ ಕ್ರಮವನ್ನು ಕಂಡುಕೊಂಡಿದ್ದನು. ಅದರ ವಿವರವು ೧೮೩೧ರಲ್ಲಿ ಹೆನ್ರಿ ವಿದಮ್ ಎಂಬವನ ಗ್ರಂಥದಲ್ಲಿ ಪ್ರಕಟವಾಯಿತು. ಬೆಳಕನ್ನು ಧ್ರುವೀಕರಿಸುವ ಸ್ಫಟಿಕಯಂತ್ರವನ್ನು ೧೮೨೮ರಲ್ಲಿ ಕಲ್ಪಿಸಿದವನೂ ಈತನೇ. ಆದರೆ ಈ ಎರಡನ್ನೂ ಕೂಡಿಸಿ ಶಿಲೆಗಳ ಪರೀಕ್ಷೆಗೆ ತಂದ ಕೀರ್ತಿಯು ಷೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿಗೆ ಸಲ್ಲುತ್ತದೆ. ಅವನು ೧೮೪೯ರಲ್ಲಿ ಶಿಲೆಗಳ ತೆಳುಚ್ಛೇದಗಳನ್ನು ಮಾಡಿ, ೧೮೫೧ರಲ್ಲಿ ಸ್ಕಾರ್‌ಬರೋ ಪ್ರದೇಶದ ಸುಣ್ಣಗಲ್ಲಿನ ಜಾತಿಯ ಶಿಲೆಯ ವಿಷಯವಾಗಿಯೂ, ೧೮೫೮ರಲ್ಲಿ ಹರಳುಗಳೊಳಗೆ ಸಿಕ್ಕಿಕೊಂಡ ದ್ರವಬಿಂದುಗಳ ವಿಷಯವಾಗಿಯೂ ಪ್ರಬಂಧಗಳನ್ನು ಪ್ರಕಟಿಸಿದನು. ಬೆಟ್ಟವನ್ನು ಸೂಕ್ಷ್ಮದರ್ಶಕದಿಂದ ನೋಡಹೊರಟವನೆಂದು ಸಮಕಾಲೀನರು ಅವನನ್ನು ಹಾಸ್ಯಮಾಡಿದರು. ಅವನ ಕ್ರಮದ ಬೆಲೆಯನ್ನು ಮೊದಲು ಅರಿತವರು ಜರ್ಮನಿಯವರು. ಸಾರ್ಬಿಯಿಂದ ಇದನ್ನು ತಿಳಿದ ಫರ್ಡಿನಾಂಡ್ ತ್ಸಿರ್ಕೆಲ್ ಮತ್ತು ಅವನ ಸಮಕಾಲೀನ ರೋಸನ್‌ಬುಷ್ ೧೮೭೩ರಲ್ಲಿ ಪ್ರಕಟಿಸಿದ ಗ್ರಂಥಗಳಿಂದ ತೆಳುಚ್ಛೇದವು ವಿಶ್ವವಿದ್ಯಾನಿಲಯಗಳ ಪಾಠಕ್ರಮದಲ್ಲಿ ನೆಲೆಯೂರಿತು.

ಇದರಿಂದಾದ ಲಾಭಕ್ಕೆ ನಮ್ಮ ದೇಶದ ನಿದರ್ಶನವೇ ಉಂಟು. ಕಲಕತ್ತೆಯಲ್ಲಿ ೧೬೯೩ರಲ್ಲಿ ಮೃತನಾದ ಜಾಬ್ ಚಾರ್ನಾಕ್ ಎಂಬ ಆಂಗ್ಲ ವರ್ತಕನ ಸಮಾಧಿಯ ಮೇಲೆ ಒಂದು ಕಪ್ಪು ಛಾಯೆಯ, ಎಣ್ಣೆ ಸವರಿದಂತೆ ಹೊಳೆಯುವ ಕಲ್ಲುಂಟು. ಟಿ. ಎಚ್. ಹಾಲೆಂಡ್ ಎಂಬ ವಿದ್ವಾಂಸನು ೧೮೯೩ರಲ್ಲಿ ಈ ಸಮಾಧಿಶಿಲೆಯನ್ನು ಕುರಿತು ಬರೆದು, ಆ ಜಾತಿಗೆ ಚಾರ್ನೊಕೈಟ್ ಎಂದು ಹೆಸರಿಟ್ಟನು. ೧೯೦೦ರಲ್ಲಿ ದಕ್ಷಿಣಾಪಥದ ಈ ಶಿಲಾವರ್ಗವನ್ನು ಕುರಿತು ದೊಡ್ಡ ಪ್ರಬಂಧವನ್ನು ಪ್ರಕಟಿಸಿದನು. ಮದರಾಸಿನ ಬಳಿಯ ಪಲ್ಲಾವರ, ಸೇಂಟ್ ಥಾಮಸ್ ಬೆಟ್ಟಗಳಲ್ಲಿ ಇದೇ ಶಿಲೆಯುಂಟು. ಬರಿಗಣ್ಣಿಗೆ ಕಪ್ಪಾಗಿ ಒಂದೇ ಬಗೆಯಾಗಿ ಕಾಣುವ ಇದರ ತೆಳುಚ್ಛೇದವನ್ನು ನೋಡಿದರೆ ಬೆಣಚು, ಫೆಲ್ಡ್‌ಸ್ಪಾರ್‌ಗಳ ನಡುವೆ ಹೈಪರ್‌ಸ್ತೀನ್ ಎಂಬ ಖನಿಜವು ಕಾಣುತ್ತದೆ. ಅದನ್ನು ತಿರುಗಿಸಿದಂತೆಲ್ಲ ಒಂದು ದಿಕ್ಕಿನಲ್ಲಿ ನಸುಗೆಂಪು, ಮತ್ತೊಂದು ದಿಕ್ಕಿನಲ್ಲಿ ನಸುಹಸುರು ಬಣ್ಣವನ್ನು ತೋರುತ್ತದೆ. ಈ ಖನಿಜವೇ ಚಾರ್ನೊಕೈಟಿನ ಲಕ್ಷಣ.

ಕನಕಪುರದ ಕಡೆಯ ಕಬ್ಬಾಳದುರ್ಗದ ಬಳಿಯ ಬಂಡೆಗಳಲ್ಲಿ ಬೂದುಬಣ್ಣದ ನೈಸ್ ಶಿಲೆಯ ನಡುನಡುವೆ ಈ ಕಪ್ಪು ಶಿಲೆಯು ತೇಪೆತೇಪೆಯಾಗಿ ಕಾಣುತ್ತದೆ. ನೈಸ್ ಶಿಲೆಯೇ ಅಲ್ಲಲ್ಲಿ ಮಾರ್ಪಟ್ಟು ಚಾರ್ನೊಕೈಟ್ ಆಗುತ್ತಿರುವ ಅವಸ್ಥೆಯಿದೆಂದು ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ೧೯೬೦ರಲ್ಲಿ ಪ್ರತಿಪಾದಿಸಿದರು. ಅಂದಿನಿಂದ ಆ ಚಿಕ್ಕ ಊರಿನ ಹೆಸರು ಜಗತ್ತಿನ ಶಿಲಾಶಾಸ್ತ್ರಜ್ಞರಿಗೆಲ್ಲ ಪರಿಚಿತವಾಯಿತು. ಬೂದುಬಣ್ಣವು ಕಪ್ಪಾದುದು ಹೊರಗಿನ ಕಲೆಯಲ್ಲ, ಖನಿಜಗಳೇ ಬದಲಾದುದರ ಫಲವೆಂಬುದನ್ನು ಸ್ಥಾಪಿಸುವುದಕ್ಕೆ ಮೂವತ್ತು ಮೈಕ್ರಾನಿನ ಬಿಲ್ಲೆಗಳು ಬೇಕಾದುವು.

೫. ಚೂರ್ಣ

ಶಿಲೆಯಲ್ಲಿ ಯಾವ ಧಾತು ಎಷ್ಟಿದೆಯೆಂದು ತಿಳಿಯಬೇಕಾದರೆ ಅದನ್ನು ಹುಡಿಮಾಡಬೇಕು. ಕಬ್ಬಿಣದ ದವಡೆಗಳುಳ್ಳ ಯಂತ್ರದಲ್ಲಿ ಜಲ್ಲಿಯಾಗಿ ಒಡೆದು, ಬಳಿಕ ಕಲ್ಬತ್ತಿನಲ್ಲಿ ಅಥವಾ ಯಂತ್ರದ ಬಟ್ಟಲಿನಲ್ಲಿ ಹಿಟ್ಟಿನಂತೆ ಅರೆಯುವರು. ನಾಲ್ಕೈದು ಸೇರಿನ ಹುಡಿಯಿಂದ ಒಂದು ಚಿಟಿಕೆಯನ್ನು ಆರಿಸಬೇಕಾದಾಗ ಮೇಲಿನಿಂದ ಎತ್ತಿಕೊಳ್ಳುವಂತಿಲ್ಲ. ಭಾರವಾದ ಕಣಗಳು ತಳಕ್ಕೆ ಇಳಿದಿರುತ್ತವೆ. ಆದುದರಿಂದ ಹುಡಿಯನ್ನು ಶಂಕುವಿನ ಆಕಾರದಲ್ಲಿ ರಾಶಿ ಹಾಕಿ, ಚಪ್ಪಟೆಮಾಡಿ, ನಾಲ್ಕು ಪಾಲುಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಮಾತ್ರ ಇಟ್ಟುಕೊಂಡು, ಮತ್ತೆ ರಾಶಿಮಾಡಿ, ಮತ್ತೆ ನಾಲ್ಕಾಗಿ ವಿಭಾಗಿಸುವರು. ಕಣದಲ್ಲಿ ರಾಶಿಯನ್ನು ಪಾಲುಮಾಡುವ ಒಕ್ಕಲಿಗನಿಗೆ ಈ ನ್ಯಾಯವು ಹೊಸದಲ್ಲ.

ಅರೆಯುವ ಬಟ್ಟಲು ಯಾವುದರಿಂದ ಆಗಿದೆಯೆಂಬ ಪ್ರಶ್ನೆ ಇಲ್ಲಿ ಬಹು ಮುಖ್ಯವಾದುದು. ಉಕ್ಕಿನ ಬಟ್ಟಲು ಹುಡಿಗೆ ಕಬ್ಬಿಣವನ್ನೂ ಕ್ರೋಮಿಯಮನ್ನೂ ಬೆರೆಸುತ್ತದೆ; ಟಂಗ್‌ಸ್ಟನ್ ಕಾರ್ಬೈಡಿನ ಬಟ್ಟಲು ಟಂಗ್‌ಸ್ಟನ್, ಕೋಬಾಲ್ಟುಗಳನ್ನು ಬೆರೆಸುತ್ತದೆ; ಅಕೀಕಿನ ಬಟ್ಟಲು ಸಿಲಿಕಾವನ್ನು ಬೆರೆಸುತ್ತದೆ. ಏನನ್ನೂ ಬೆರೆಸದ ಬಟ್ಟಲಿಲ್ಲ. ಆದುದರಿಂದ ಯಾವ ಧಾತುವನ್ನು ಅಳೆಯಬೇಕಾಗಿದೆಯೋ ಅದನ್ನು ಕೊಡದ ಬಟ್ಟಲನ್ನು ಆರಿಸಿ, ಯಾವುದರಲ್ಲಿ ಅರೆಯಿತೆಂಬುದನ್ನು ಫಲಿತಾಂಶದೊಡನೆ ಬರೆದಿಡುವುದು ಸಂಪ್ರದಾಯ. ಬೆರಕೆಯ ಈ ಭಯವು ನಮ್ಮ ಪ್ರಾಚೀನರಿಗೂ ತಿಳಿದಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಸುವರ್ಣಾಧ್ಯಕ್ಷಪ್ರಕರಣದಲ್ಲಿ, ಒರೆಗಲ್ಲಿನ ಗೆರೆಯ ಮೇಲೆ ಉಗುರಿನ ಸಂದಿನಿಂದ ಕೆಮ್ಮಣ್ಣಿನ ಹುಡಿಯನ್ನು ಉದುರಿಸಿದ್ದರೆ ಅದು ಮೋಸವೆಂದು ತಿಳಿಯಬೇಕೆಂಬ ವಿಧಿಯುಂಟು. ಅಲ್ಲಿ ವಂಚನೆಯು ಬುದ್ಧಿಪೂರ್ವಕವಾದುದು. ಇಲ್ಲಿ ಬಟ್ಟಲೇ ಅರಿಯದೆ ವಂಚಿಸುತ್ತದೆ. ಫಲದಲ್ಲಿ ಮಾತ್ರ ಭೇದವಿಲ್ಲ.

ಇಡೀ ಶಿಲೆಯ ಹುಡಿಯಿಂದ ದೊರೆತ ಜ್ಞಾನಕ್ಕೆ ಹಾಸನದ ಸೀಮೆಯ ಗೊರೂರಿನ ನೈಸ್ ಶಿಲೆಯು ದೃಷ್ಟಾಂತ. ಸಾಹಿತ್ಯದ ಓದುಗರಿಗೆ ಈ ಊರು ಬೇರೊಂದು ಕಾರಣದಿಂದ ಪರಿಚಿತವಷ್ಟೆ. ಅಲ್ಲಿನ ಶಿಲೆಗಳಲ್ಲಿ ರುಬಿಡಿಯಂ ಧಾತುವು ಕ್ರಮೇಣ ಸ್ಟ್ರಾಂಷಿಯಂ ಆಗಿ ಮಾರ್ಪಟ್ಟ ಪ್ರಮಾಣವನ್ನು ಅಳೆದು, ಅವುಗಳ ವಯಸ್ಸು ಸುಮಾರು ೩೩೬ ಕೋಟಿ ವರ್ಷಗಳೆಂದು ೧೯೮೦ರಲ್ಲಿ ಪ್ರಕಟವಾಯಿತು.

೬. ಖನಿಜಗಳ ವಿಂಗಡಣೆ

ಕೆಲವು ವೇಳೆ ಇಡೀ ಶಿಲೆಯ ಬದಲು ಅದರೊಳಗಿನ ಒಂದೇ ಖನಿಜವು ಬೇಕಾಗುತ್ತದೆ. ಇಂತಹ ಖನಿಜಗಳಲ್ಲಿ ಜಿರ್ಕಾನ್ ಮುಖ್ಯವಾದುದು. ಅದು ಹುಟ್ಟುವಾಗ ಯುರೇನಿಯಂ ಧಾತುವನ್ನು ಒಳಗೆ ಸೇರಿಸಿಕೊಂಡು ಸೀಸವನ್ನು ಹೆಚ್ಚುಕಡಮೆ ಪೂರ್ತಿಯಾಗಿ ಹೊರಗಿಡುತ್ತದೆ. ಯುರೇನಿಯಂ ಕಾಲಕ್ರಮದಲ್ಲಿ ಕ್ಷಯಿಸಿ ಸೀಸವಾಗುತ್ತದೆ. ಯುರೇನಿಯಂ ೨೩೮ ಎಂಬುದರ ಅರ್ಧಾಯುಸ್ಸು ಸುಮಾರು ೪೪೭ ಕೋಟಿ ವರ್ಷ. ಆದುದರಿಂದ ಈಗಿರುವ ಸೀಸವು ಹುಟ್ಟಿದಂದಿನಿಂದ ಕೂಡಿದ ಸೀಸವೆಂದು ಭಾವಿಸಿ ವಯಸ್ಸನ್ನು ಗಣಿಸಬಹುದು.

ಜಿರ್ಕಾನ್ ಕಣಗಳು ಅತಿ ಸೂಕ್ಷ್ಮ; ಆದರೆ ಭಾರ. ನೀರಿನ ೪.೬ರಿಂದ ೪.೭ ಪಾಲು ಅವುಗಳ ಸಾಂದ್ರತೆ; ಬೆಣಚಿನದು ೨.೬೫. ಈ ವ್ಯತ್ಯಾಸವೇ ವಿಂಗಡಣೆಗೆ ಆಧಾರ. ಮೊದಲು ಹುಡಿಯನ್ನು ನೀರಿನಲ್ಲಿ ಅಲುಗಿಸಿ ಹಗುರವಾದುದನ್ನು ಹರಿಯಬಿಡುವರು. ಧಾರವಾಡ ಸೀಮೆಯ ಡಂಬಳದ ಬೆಟ್ಟಗಳ ತೊರೆಗಳಲ್ಲಿ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಆಯುತ್ತಿದ್ದ ಜಲಗಾರರು ಮಾಡುತ್ತಿದ್ದುದೂ ಇದನ್ನೇ. ಆ ಪ್ರದೇಶದ ಚಿನ್ನದ ಶಿಲೆಗಳನ್ನು ಕುರಿತು ರಾಬರ್ಟ್ ಬ್ರೂಸ್ ಫೂಟ್ ೧೮೭೪ರಲ್ಲಿ ಬರೆದಿರುವನು. ಅನಂತರ ಆಯಸ್ಕಾಂತದಿಂದ ಕಬ್ಬಿಣದ ಕಣಗಳನ್ನು ತೆಗೆದು, ಉಳಿದುದನ್ನು ಭಾರವಾದ ದ್ರವಗಳಲ್ಲಿ ಹಾಕುವರು. ಬ್ರೋಮೋಫಾರ್ಮಿನ ಸಾಂದ್ರತೆ ೨.೮೯, ಅದರಲ್ಲಿ ಬೆಣಚು, ಫೆಲ್ಡ್‌ಸ್ಪಾರ್‌ಗಳು ತೇಲಿ ಜಿರ್ಕಾನ್ ಮುಳುಗುತ್ತದೆ. ಕಡೆಗೆ ಸೂಕ್ಷ್ಮದರ್ಶಕದ ಕೆಳಗೆ ಕಣಗಳನ್ನು ಒಂದೊಂದಾಗಿ ಕೈಯಿಂದ ಆಯುವರು.

ಈ ಆಯುವಿಕೆಯಲ್ಲಿ ಬಹು ಸೂಕ್ಷ್ಮವಾದ ದೋಷವೊಂದು ಅಡಗಿದೆ. ಆಯುವವನ ಕಣ್ಣು ಸಹಜವಾಗಿ ಸ್ವಚ್ಛವಾದ, ಅಂಚು ಮುರಿಯದ, ದೊಡ್ಡ ಕಣಗಳ ಕಡೆಗೆ ಹೋಗುತ್ತದೆ. ಒಂದೇ ಶಿಲೆಯಿಂದ ಬಂದ ಕಣಗಳಾದರೆ ಇದರಿಂದ ಹಿತವೇ ಆಗಬಹುದು, ಏಕೆಂದರೆ ಬಿರುಕು ಬಿಟ್ಟ ಕಣಗಳು ಸೀಸವನ್ನು ಕಳೆದುಕೊಂಡಿರಬಹುದು. ಆದರೆ ನದಿಯು ನಾನಾ ಬೆಟ್ಟಗಳಿಂದ ತಂದು ಕೂಡಿಸಿದ ಮರಳಾದರೆ, ಸುಂದರವಾದವುಗಳನ್ನು ಮಾತ್ರ ಆಯ್ದವನು ಕೆಲವು ಬೆಟ್ಟಗಳ ಸಾಕ್ಷ್ಯವನ್ನು ಸಂಪೂರ್ಣವಾಗಿ ಅಳಿಸಿಹಾಕಿದಂತಾಗುತ್ತದೆ. ಅಲ್ಲಿ ಚೆಲುವನ್ನು ಬಿಟ್ಟು ಕಣ್ಣಿಗೆ ಬಿದ್ದುದನ್ನೆಲ್ಲ ತೆಗೆದುಕೊಳ್ಳುವುದೇ ಕ್ರಮ. ತನಗೆ ಮೆಚ್ಚಿಗೆಯಾದ ಪದ್ಯಗಳನ್ನು ಮಾತ್ರ ಸಂಕಲಿಸಿ ಅದನ್ನೇ ಒಂದು ಕಾಲದ ಕಾವ್ಯಸ್ವರೂಪವೆಂದು ತೋರಿಸುವವನ ದೋಷವು ಇದಕ್ಕಿಂತ ಭಿನ್ನವಲ್ಲ.

೭. ಸೀಸದ ವೃತ್ತಾಂತ

ಗುಪ್ತವಾದ ಗುಣಾಧಾನವು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಕ್ಲೇರ್ ಪ್ಯಾಟರ್‌ಸನ್ ಎಂಬ ಅಮೆರಿಕದ ವಿದ್ವಾಂಸನ ಚರಿತ್ರೆಗಿಂತ ಉತ್ತಮವಾದ ನಿದರ್ಶನವಿಲ್ಲ. ೧೯೪೮ರ ಸುಮಾರಿಗೆ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಜಿರ್ಕಾನ್ ಕಣಗಳ ಯುರೇನಿಯಮನ್ನು ಜಾರ್ಜ್ ಟಿಲ್ಟನ್ ಎಂಬವನೂ, ಸೀಸವನ್ನು ಪ್ಯಾಟರ್‌ಸನ್ನನೂ ಅಳೆಯುವುದೆಂದು ಏರ್ಪಾಡಾಯಿತು. ಅಳತೆಗೆ ಬಂದ ಸೀಸವು ಇರಬೇಕಾದುದಕ್ಕಿಂತ ಬಹು ಹೆಚ್ಚಾಗಿತ್ತು. ಆ ಸೀಸವು ಕಲ್ಲಿನದಲ್ಲ. ಪ್ರಯೋಗಶಾಲೆಯ ಗಾಳಿಯದು, ಪಾತ್ರೆಗಳದು, ಆಮ್ಲಗಳದು, ಕೆಲಸಮಾಡುವವರ ಬಟ್ಟೆ ಕೂದಲುಗಳದು. ಶಿಲೆಯನ್ನು ಶುದ್ಧಿಮಾಡುವ ಸಾಧನಗಳೇ ಅದನ್ನು ಮಲಿನಗೊಳಿಸುತ್ತಿದ್ದುವು.

ಪ್ಯಾಟರ್‌ಸನ್ನನು ಈ ಮಾಲಿನ್ಯವನ್ನು ಬೆನ್ನಟ್ಟುವುದರಲ್ಲಿ ವರ್ಷಗಳನ್ನು ಕಳೆದನು. ೧೯೫೨ರಲ್ಲಿ ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಗೆ ಹೋಗಿ, ಸೋಸಿದ ಗಾಳಿಯನ್ನು ತುಂಬಿದ, ಬಟ್ಟೆ ಬದಲಾಯಿಸದೆ ಒಳಗೆ ಹೋಗಕೂಡದ ಪ್ರಯೋಗಶಾಲೆಯನ್ನು ಕಟ್ಟಿದನು. ಅಂತಹ ಮಡಿಯಲ್ಲಿ ಆಕಾಶದಿಂದ ಬಿದ್ದ ಕಬ್ಬಿಣದ ಉಲ್ಕಾಶಿಲೆಯಿಂದ ಬಿಡಿಸಿದ ಸೀಸವನ್ನು ಅಳೆದು, ಭೂಮಿಯ ವಯಸ್ಸು ೪೫೫ ಕೋಟಿ ವರ್ಷಗಳೆಂದು ೧೯೫೬ರಲ್ಲಿ ಪ್ರಕಟಿಸಿದನು. ಅಂದಿನಿಂದ ಈ ಸಂಖ್ಯೆಯಲ್ಲಿ ಹೇಳತಕ್ಕಂತಹ ಬದಲಾವಣೆಯಾಗಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಇದು ಭೂಗರ್ಭಶಾಸ್ತ್ರದ ಕಥೆ ಮಾತ್ರವಾಗುತ್ತಿತ್ತು. ಪ್ರಯೋಗಶಾಲೆಗೆ ಅಷ್ಟು ಸೀಸವು ಎಲ್ಲಿಂದ ಬಂದಿತೆಂದು ವಿಚಾರಿಸಿದಾಗ, ಅದರ ಬಹುಭಾಗವು ಮೋಟಾರುಗಳ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸವೆಂದು ಹೊರಬಿದ್ದಿತು. ಜನರ ದೇಹದಲ್ಲಿ ಸಹಜವೆಂದು ವೈದ್ಯರು ಎಣಿಸಿದ್ದ ಸೀಸವು ಸಹಜವೇ ಅಲ್ಲವೆಂದು ಪ್ಯ��ಟರ್‌ಸನ್ನನು ೧೯೬೫ರಲ್ಲಿ ಬರೆದು, ಬಲವಾದ ವಿರೋಧವನ್ನು ಎದುರಿಸಿದನು. ಅಮೆರಿಕದಲ್ಲಿ ರಸ್ತೆಯ ಮೋಟಾರುಗಳಿಗೆ ಸೀಸದ ಪೆಟ್ರೋಲು ೧೯೯೬ರಲ್ಲಿ ನಿಷಿದ್ಧವಾಯಿತು; ಭಾರತದಲ್ಲಿ ೨೦೦೦ದಲ್ಲಿ ಅದರ ಮಾರಾಟವು ನಿಂತಿತು. ಒಂದು ಕಣದ ಸಂಸ್ಕಾರದಲ್ಲಿ ಕಂಡ ದೋಷವನ್ನು ಉಪೇಕ್ಷಿಸದೆ ಮೂಲದವರೆಗೆ ಹುಡುಕಿದುದರ ಫಲವಿದು.

೮. ಸಂಸ್ಕಾರ ಮಾಡುವವನ ದೇಹ

ಕಲ್ಲನ್ನು ಶುದ್ಧಿಮಾಡುವವನ ಒಳಕ್ಕೆ ಕಲ್ಲು ಹೋಗದಂತೆ ನೋಡಿಕೊಳ್ಳುವುದೂ ಈ ವಿಧಿಯ ಅಂಗ. ಒಣಗಲ್ಲನ್ನು ಕೊಯ್ಯುವಾಗ, ಕುಟ್ಟುವಾಗ ಏಳುವ ಬೆಣಚಿನ ಧೂಳು ಶ್ವಾಸಕೋಶದಲ್ಲಿ ನೆಲಸಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನುಂಟುಮಾಡುತ್ತದೆ. ೨೦೦೧ರಲ್ಲಿ ಮುಚ್ಚಿಹೋದ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರಿಗೆ ಈ ರೋಗವು ಚೆನ್ನಾಗಿ ತಿಳಿದಿತ್ತು. ಅದಕ್ಕಾಗಿಯೇ ಕೊಯ್ಯುವುದೂ ತೇಯುವುದೂ ನೀರಿನಲ್ಲಿ. ಕುಟ್ಟುವುದು ಧೂಳನ್ನು ಹೀರುವ ಗೂಡಿನೊಳಗೆ. ಶಿಲೆಯನ್ನು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲವು ಇನ್ನೂ ಕ್ರೂರವಾದುದು; ಚರ್ಮಕ್ಕೆ ತಾಗಿದೊಡನೆ ನೋವು ತೋರದೆ ಒಳಗಿಳಿದು ಮೂಳೆಯ ಕ್ಯಾಲ್ಸಿಯಮ್ಮಿಗೆ ಕೈಹಾಕಬಲ್ಲದು. ಬ್ರೋಮೋಫಾರ್ಮು ಸಹ ವಿಷವಾದುದರಿಂದ ಅನೇಕ ಶಾಲೆಗಳಲ್ಲಿ ಅದರ ಸ್ಥಾನಕ್ಕೆ ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ ಲವಣದ ನೀರು ಬಂದಿದೆ. ಈ ಕೆಲಸವನ್ನು ಮಾಡುವ ನುರಿತವರ ಹೆಸರು ಪ್ರಬಂಧದ ಶಿರೋಭಾಗದಲ್ಲಿ ಕಾಣುವುದು ಅಪರೂಪ. ಆದರೆ ಬೆಣಚು ಬೂದಿಬಣ್ಣಕ್ಕೆ ತಿರುಗಿದ ಕ್ಷಣದಲ್ಲಿ ಕೈಯನ್ನು ನಿಲ್ಲಿಸಿದವರು ಅವರೇ.

೯. ಶೇಷರಕ್ಷಣೆ

ಕೊಯ್ದು ಉಳಿದ ಅರ್ಧಕಲ್ಲನ್ನು ಪ್ರಯೋಗಶಾಲೆಯವರು ಎಸೆಯುವುದಿಲ್ಲ. ತೆಳುಚ್ಛೇದವು ಯಾವ ಮುಖದಿಂದ ತೆಗೆದುದೆಂಬ ಗುರುತಿನೊಡನೆ ಅದನ್ನು ಅದೇ ಸಂಖ್ಯೆಯ ಕೆಳಗೆ ಕಪಾಟಿನಲ್ಲಿಡುವರು. ಹುಡಿಯ ಒಂದು ಪಾಲನ್ನು ಸೀಸೆಯಲ್ಲಿ ಮುದ್ರೆಮಾಡಿಡುವರು. ಐವತ್ತು ವರ್ಷಗಳ ಮೇಲೆ ಮತ್ತೊಬ್ಬನಿಗೆ ಸಂದೇಹ ಬಂದರೆ ಅವನು ಹಿಂದಿನವನ ವರ್ಣನೆಯನ್ನು ನಂಬಬೇಕಾಗಿಲ್ಲ. ಅದೇ ಕಲ್ಲಿನ ಪಕ್ಕದ ಮುಖವನ್ನು ಕೊಯ್ದು ತಾನೇ ನೋಡಬಹುದು. ಯಾವ ಸಂಸ್ಕಾರವೂ ನಿರ್ದುಷ್ಟವಲ್ಲವೆಂಬ ಅರಿವಿನಿಂದ ಹುಟ್ಟಿದ ಪದ್ಧತಿಯಿದು.

ಪರಿಷ್ಕೃತವಾದ ಗ್ರಂಥವು ಅಚ್ಚಾದೊಡನೆ ಮೂಲದ ಓಲೆಗಳಿಂದ ಇನ್ನೇನು ಪ್ರಯೋಜನವೆಂದು ಅವುಗಳನ್ನು ಅಟ್ಟದ ಮೇಲೆ ಹುಳುಗಳಿಗೆ ಬಿಟ್ಟ ಮನೆಗಳು ಕನ್ನಡನಾಡಿನಲ್ಲಿ ಕಡಮೆಯಲ್ಲ. ಅಂತಹ ಗ್ರಂಥಗಳಲ್ಲಿ ಸಂಪಾದಕನು ತೆಗೆದುದು ಲೇಖಕದೋಷವನ್ನೋ, ಕವಿಯ ಪ್ರಯೋಗವನ್ನೋ ಎಂದು ನಿರ್ಣಯಿಸುವುದಕ್ಕೆ ಇಂದು ಸಾಧನವೇ ಉಳಿದಿಲ್ಲ. ಕೋಟ್ಯಂತರ ವರ್ಷ ಬಾಳುವ ಕಲ್ಲಿನ ವಿಷಯದಲ್ಲಿಯೇ ಉಳಿದರ್ಧವನ್ನು ಕಾಪಾಡಬೇಕೆಂಬ ವಿಧಿಯಿರುವಾಗ, ಕೆಲವು ನೂರು ವರ್ಷಗಳಲ್ಲಿ ಪುಡಿಯಾಗುವ ಓಲೆಯ ವಿಷಯದಲ್ಲಿ ಅದು ಎಷ್ಟು ಮುಖ್ಯವೆಂಬುದನ್ನು ವಿದ್ವಾಂಸರು ಆಲೋಚಿಸತಕ್ಕದ್ದು.